ಉಪಾಸ್ ಎಂದರೆ ಉಪಾಸ್

ನನಗೆ ನಾಲ್ಕು ಭಾಷೆ ಬರುತ್ತದೆ ಎಂದು ಯಾರಾದರೂ ಹೊಗಳಿದರೆ ಈಗಲೂ ಮೈ ಉರಿಯುತ್ತದೆ. ಹೊಗಳುವವರ ತಪ್ಪೇನೂ ಇಲ್ಲ. ಒಂದು ಕಾಲದಲ್ಲಿ ಅದನ್ನು ಊರಿಡೀ ಹೇಳಿಕೊಂಡು ತಿರುಗಿದವಳು ನಾನೇ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇನ್ಸ್‌ಪೆಕ್ಟರು ಬಂದ ದಿನ ಇಂಗ್ಲಿಷು. ಇಷ್ಟೆಲ್ಲ ಇಟ್ಟುಕೊಂಡು, ಒಂದೇ ಒಂದು ಶಬ್ದವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಸರಿಯಾಗಿ ದಾಟಿಸಲಾಗದೆ, ಹೆತ್ತ ತಾಯಿಯನ್ನು ಸಾವಿನ ಬಾಗಿಲವರೆಗೆ ಕೊಂಡುಹೋಗಿ ನಿಲ್ಲಿಸಿದೆ. ಹೇಳಿದರೆ ನಂಬುವುದಿಲ್ಲ ನೀವು. ನಾನೂ ಬಹಳ ದಿನ ನಂಬಲಿಲ್ಲ.

ಇದು ಸಾವಿರದ ಒಂಬೈನೂರ ಅರವತ್ತೊಂದರ ಮಾತು. ಆಗ ನಾನು ಬೆಳ್ಮಣ್ಣಿನ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್. ಇಮೆಲ್ಡಾ ಟೀಚರ್ ಎಂದರೆ ಮಕ್ಕಳು ಚಡ್ಡಿ ಎಳೆದುಕೊಂಡು ನೆಟ್ಟಗೆ ನಿಲ್ಲುತ್ತಿದ್ದರು. ವಯಸ್ಸು ಇಪ್ಪತ್ತೊಂಬತ್ತು, ಮದುವೆ ಇಲ್ಲ, ಬೇಕಿರಲೂ ಇಲ್ಲ. ಪಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿ ನಾನು ಮತ್ತು ಮಾಯ್, ಅಂದರೆ ನನ್ನ ಅಮ್ಮ, ಆಂಜೆಲಾ. ಐವತ್ತಾರು ವರ್ಷದ ಗಟ್ಟಿ ಹೆಂಗಸು. ಯಾರ ಬಗ್ಗೆಯೂ ಕೆಟ್ಟ ಮಾತು ಆಡದವಳು. ನನ್ನ ನಾಲಗೆ ಪಪ್ಪನ ಕಡೆಯದ್ದು.

ಹಿಂದಿನ ವರ್ಷದ ಕ್ರಿಸ್‌ಮಸ್ ಕಳೆದ ಮೇಲೆ ಮಾಯ್‌ಗೆ ವಿಪರೀತ ಬಾಯಾರಿಕೆ ಶುರುವಾಯಿತು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು, ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ, ರವಕೆಯ ತೋಳು ಸಡಿಲವಾಯಿತು. ಬಚ್ಚಲಿನ ಕಲ್ಲಿಗೆ ಇರುವೆ ಮುತ್ತುವುದನ್ನು ಮೊದಲು ನೋಡಿದವಳು ಅಪ್ಪಿ. ಅಪ್ಪಿಯ ಮನೆ ನಮ್ಮ ಮನೆಗೂ ಇಗರ್ಜಿಗೂ, ಅಂದರೆ ಚರ್ಚಿಗೂ, ನಡುವೆ, ರಸ್ತೆಯ ಅಂಚಿನಲ್ಲಿ. ದನ ಕಟ್ಟಿಕೊಂಡು, ಹಾಲು ಮಾರಿ ಬದುಕುವ ಹೆಂಗಸು. ಓದು ಬರಹ ಇಲ್ಲ. ಇದು ಸಕ್ಕರೆ ಕಾಯಿಲೆ ಟೀಚರೇ, ಬೇಗ ಡಾಕ್ಟರಿಗೆ ತೋರಿಸಿ ಎಂದಳು. ಅವಳಿಗೆ ಎಂತ ಗೊತ್ತು ಎಂದುಕೊಂಡೇ ನಾನು ಮಾಯ್‌ಯನ್ನು ಕಾರ್ಕಳಕ್ಕೆ ಕರೆದುಕೊಂಡು ಹೋದೆ. ಅಪ್ಪಿ ಹೇಳಿದ್ದೇ ಸರಿಯಾಯಿತು.

ಕಾರ್ಕಳದ ಡಾಕ್ಟರ್ ದೇವದಾಸರು ಶಿವಮೊಗ್ಗದ ಕಡೆಯವರು, ಬಂದು ವರ್ಷವಾಗಿರಲಿಲ್ಲ. ತುಳುವೂ ಇಲ್ಲ, ಕೊಂಕಣಿಯೂ ಇಲ್ಲ. ಮಾಯ್‌ಗೆ ಕನ್ನಡ ಕೇಳಿದರೆ ಅಷ್ಟಿಷ್ಟು ಅರ್ಥವಾಗುತ್ತಿತ್ತು, ಆಡಲು ನಾಚಿಕೆ. ಹಾಗಾಗಿ ನಡುವೆ ನಾನು. ಡಾಕ್ಟರು ಒಂದು ಮಾತು ಕೇಳಿದರೆ ಮಾಯ್ ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟಾಗಿರುತ್ತಿತ್ತು. ಟೀಚರ್ ಇರುವುದು ನಮಗೆ ಎಷ್ಟು ಅನುಕೂಲ ಎಂದು ಅವರು ಮೆಚ್ಚಿಕೊಂಡರು, ನಾನು ಉಬ್ಬಿದೆ.

ಅವರು ಹೇಳಿದ ಕ್ರಮ ಸಾದಾ ಇತ್ತು. ದಿನಾ ಬೆಳಿಗ್ಗೆ ಇನ್ಸುಲಿನ್ ಹನ್ನೆರಡು ಯೂನಿಟ್ ಚುಚ್ಚಬೇಕು. ಚುಚ್ಚಿದ ಅರ್ಧ ಗಂಟೆಯೊಳಗೆ ಎರಡು ಸೌಟು ಗಂಜಿ. ಮಧ್ಯಾಹ್ನ ಒಂದು ಬಟ್ಟಲು ಅನ್ನ, ಪಲ್ಯ, ಮೀನು. ಸಂಜೆ ಎಂತಾದರೂ ಸ್ವಲ್ಪ, ರಾತ್ರಿ ಮತ್ತೆ ಗಂಜಿ. ಬೆಲ್ಲ, ಸಕ್ಕರೆ ಬೇಡ. ಸಂಜೆ ಒಂದೆರಡು ಫರ್ಲಾಂಗು ನಡೆಯಲಿ. ಕೊನೆಗೆ ಅವರು, ಹೊತ್ತು ತಪ್ಪಬಾರದು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು ಎಂದರು. ನಾನು ಮಾಯ್‌ಗೆ ಕೊಂಕಣಿಯಲ್ಲಿ ಹೇಳುವಾಗ "ಹೆಚ್ಚು ಆಗಬಾರದು" ಎಂಬುದನ್ನು ಎರಡು ಸಲ ಹೇಳಿದೆ. "ಕಡಿಮೆಯೂ" ಎಂಬುದನ್ನು ಬಿಟ್ಟೆ. ಕಡಿಮೆ ತಿಂದು ಯಾರಿಗೆ ಎಂತ ಆಗುತ್ತದೆ ಎಂದು ನನ್ನ ಲೆಕ್ಕ.

ಇಂಜೆಕ್ಷನ್ ಕೊಡುವುದನ್ನು ಅಲ್ಲಿನ ನರ್ಸ್ ನಿಂಬೆಹಣ್ಣಿಗೆ ಚುಚ್ಚಿ ಚುಚ್ಚಿ ಕಲಿಸಿದಳು. ಔಷಧದ ಬಾಟ್ಲಿ ಉಡುಪಿಯಿಂದ ತರಿಸಬೇಕು, ತಂಪಿಗೆ ಅಂತ ಒದ್ದೆ ಬಟ್ಟೆ ಸುತ್ತಿ ಮಣ್ಣಿನ ಮಡಕೆಯಲ್ಲಿ ಇಡಬೇಕು, ಗಾಜಿನ ಸಿರಿಂಜ್ ದಿನಾ ಕುದಿಸಬೇಕು. ಎಲ್ಲ ಮಾಡಿದೆ. ಮಾಡುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ನನ್ನ ರೋಗವೇ ಬೇರೆ. ಡಾಕ್ಟರು ಒಂದು ಹೇಳಿದರೆ ನಾನು ಎರಡು ಮಾಡಿಸುವವಳು. ಶಾಲೆಯ ಟೈಮ್‌ಟೇಬಲ್ ಹಾಗೆ ಬಣ್ಣದ ಪೆನ್ಸಿಲಿನಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಎರಡು ಸೌಟು ಗಂಜಿ ಎಂದಿದ್ದರೆ ಒಂದೂವರೆ ಇರಲಿ, ಇನ್ನೂ ಒಳ್ಳೆಯದಲ್ವಾ? ಎರಡು ಫರ್ಲಾಂಗು ಎಂದಿದ್ದರೆ ಒಂದು ಮೈಲಿ ನಡೆಯಲಿ. ಮಾಯ್ ಕಾಲು ನೋವು ಎಂದರೆ, ದೇಹ ದೇವರು ಕೊಟ್ಟದ್ದು, ಸೋಮಾರಿತನ ಪಾಪ ಎನ್ನುತ್ತಿದ್ದೆ. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

ಫೆಬ್ರವರಿಯ ಮೊದಲಲ್ಲಿ ರಕ್ತ ಪರೀಕ್ಷೆಗೆ ಬರಲು ಡಾಕ್ಟರು ಹೇಳಿಕಳಿಸಿದರು. ಬೆಳಿಗ್ಗೆ ಇಂಜೆಕ್ಷನ್ ಕೊಡಬೇಡಿ, ಉಪವಾಸದಲ್ಲಿ ಕರಕೊಂಡು ಬನ್ನಿ, ರಕ್ತ ತೆಗೆದ ಮೇಲೆ ಇಲ್ಲೇ ಚುಚ್ಚಿ ತಿಂಡಿ ಕೊಡಿಸುವ ಎಂದಿದ್ದರು. ನಾನು ಹಿಂದಿನ ಸಂಜೆ ಮಕ್ಕಳ ಕಾಪಿಪುಸ್ತಕ ತಿದ್ದುತ್ತ, ತಲೆ ಎತ್ತದೆ, ಮಾಯ್ ನಾಳೆ ಉಪಾಸ್ ಎಂದೆ. ಕೊಂಕಣಿಯಲ್ಲಿ ಉಪವಾಸಕ್ಕೆ ಅದೇ ಶಬ್ದ.

ಮಾಯ್ ಪಾತ್ರೆ ತೊಳೆಯುತ್ತಿದ್ದವಳು ನಿಲ್ಲಿಸಿದಳು.

"ತಪಸ್ಸಿನ ಕಾಲ ಬರಲಿಲ್ಲವಲ್ಲ ಪುತಾ. ಈಗ ಎಂತ ಉಪಾಸ್?"

"ಡಾಕ್ಟರು ಹೇಳಿದ್ದು."

"ಯಾವ ಉಪಾಸ್? ಇಗರ್ಜಿಯಲ್ಲಿ ಹೇಳುವ ಹಾಗೆಯಾ?"

"ಉಪಾಸ್ ಎಂದರೆ ಉಪಾಸ್ ಮಾಯ್. ಅದರಲ್ಲಿ ಎಷ್ಟು ನಮೂನೆ ಉಂಟು? ನಲ್ವತ್ತು ವರ್ಷದಿಂದ ಮಾಡುತ್ತೀ, ನಿನಗೆ ನಾನು ಕಲಿಸಬೇಕಾ?"

ಅವಳು ಗೊತ್ತುಂಟು ಎಂದಳು.

ಅವಳಿಗೆ ಗೊತ್ತಿತ್ತು. ನಮ್ಮ ಇಗರ್ಜಿಯ ಉಪವಾಸಕ್ಕೆ ಒಂದು ನಿಯಮ ಇತ್ತು, ನಮ್ಮವರ ಮಕ್ಕಳಿಗೂ ಬಾಯಿಪಾಠ. ಮಧ್ಯಾಹ್ನ ಒಂದು ಹೊತ್ತು ಹೊಟ್ಟೆ ತುಂಬ ಊಟ. ಬೆಳಿಗ್ಗೆ ಸ್ವಲ್ಪ, ರಾತ್ರಿ ಸ್ವಲ್ಪ. ಆ ಎರಡು ಸ್ವಲ್ಪ ಸೇರಿದರೂ ಒಂದು ಊಟ ಆಗಬಾರದು. ಅಷ್ಟು ಮಾಡಿದರೆ ನಮ್ಮಲ್ಲಿ ಉಪಾಸ್ ಮಾಡಿದ ಹಾಗೆ. ಮರುದಿನ ನಾನು ಬೆಳಗಿನ ಪೂಜೆಗೆ ಹೋಗಿ ಬರುವಷ್ಟರಲ್ಲಿ ಮಾಯ್ ಆ "ಬೆಳಿಗ್ಗೆ ಸ್ವಲ್ಪ"ವನ್ನು ಮುಗಿಸಿದ್ದಳು. ಒಂದು ಬಟ್ಟಲು ಗಂಜಿ. ಕಾರ್ಕಳದ ಬಸ್ಸಿನಲ್ಲಿ ಕೂತಾಗ ಅವಳು ನನಗದನ್ನು ಹೇಳಿಯೂ ಹೇಳಿದಳು. ಬಸ್ಸಿನ ಸದ್ದು, ನನ್ನ ಮಡಿಲಲ್ಲಿ ಕಾಪಿಪುಸ್ತಕ. ಆಯ್ತು ಮಾಯ್, ಆಯ್ತು ಎಂದೆ. ಎಂತ ಆಯ್ತು ಎಂದು ನನಗೇ ಗೊತ್ತಿರಲಿಲ್ಲ.

ಡಾಕ್ಟರು ಕೇಳಿದರು, ಏನೂ ತಿಂದಿಲ್ಲ ತಾನೇ ಎಂದು. ನಾನು ತಟ್ಟನೆ, ಇಲ್ಲ ಡಾಕ್ಟರ್, ಉಪವಾಸ ಎಂದೆ. ಉಪವಾಸ ಎಂಬ ಶಬ್ದ ಕೇಳಿ ಮಾಯ್ ಕೂಡ ತಲೆ ಆಡಿಸಿದಳು.

ರಕ್ತದಲ್ಲಿ ಸಕ್ಕರೆ ವಿಪರೀತ ಬಂತು. ಡಾಕ್ಟರು ಹುಬ್ಬು ಗಂಟಿಕ್ಕಿ ಹನ್ನೆರಡನ್ನು ಹದಿನೆಂಟು ಮಾಡಿದರು. ಮನೆಯಲ್ಲಿ ಬೆಲ್ಲ ಗಿಲ್ಲ ತಿನ್ನುತ್ತಾರೋ ಏನೋ, ಸ್ವಲ್ಪ ನೋಡಿಕೊಳ್ಳಿ ಎಂದರು. ಸ್ವಲ್ಪ ನೋಡಿಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಅದೇ ಸಂಜೆ ಬೆಲ್ಲದ ಡಬ್ಬಿಗೆ ಬೀಗ ಬಿತ್ತು. ಬೀಗದ ಕೈಯನ್ನು ನನ್ನ ಕುತ್ತಿಗೆಯ ಸರಕ್ಕೆ, ಶಿಲುಬೆಯ ಪಕ್ಕದಲ್ಲಿ ಕಟ್ಟಿಕೊಂಡೆ. ಮಾಯ್ ನೋಡಿದಳು.

ತಪಸ್ಸಿನ ಕಾಲ ಶುರುವಾಗುವ ಬೂದಿ ಬುಧವಾರದಂದು ನಮ್ಮ ವಿಗಾರರು, ಅಂದರೆ ಇಗರ್ಜಿಯ ಹಿರಿಯ ಪಾದ್ರಿ, ಫಾದರ್ ಎಡ್ಮಂಡರು ಆ ಸಲ ಬೇರೆಯೇ ಪ್ರಸಂಗ ಕೊಟ್ಟರು. ಉಪವಾಸದ ಕಾಲದಲ್ಲಿ ಉಪವಾಸದ ಮಿತಿಯ ಬಗ್ಗೆ. ಹೊಟ್ಟೆಯನ್ನೇ ದೇವರು ಮಾಡಿಕೊಳ್ಳುವುದು ಪಾಪ ಎಂದರು. ಅದನ್ನು ಕೇಳುವಾಗ ನಾನು ಓರೆಗಣ್ಣಲ್ಲಿ ಮಾಯ್‌ಯನ್ನು ನೋಡಿದೆ. ಆಮೇಲೆ, ದೇಹವನ್ನು ಸೊರಗಿಸಿ ಕೊಲ್ಲುವುದೂ ಅಷ್ಟೇ ಪಾಪ, ಊಟಕ್ಕೆ, ನಿದ್ದೆಗೆ, ದುಡಿಮೆಗೆ, ಶಿಸ್ತಿಗೆ ಸಹ ಒಂದು ಅಳತೆ ಬೇಕು, ಅಳತೆ ಇಲ್ಲದ ಒಳ್ಳೆಯತನವೂ ಸೈತಾನನಿಗೆ ಇಷ್ಟ ಎಂದರಂತೆ. ಅಂತೆ ಯಾಕೆಂದರೆ ಆ ಭಾಗ ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಮರುದಿನದ ಇನ್ಸ್‌ಪೆಕ್ಷನ್ ಇತ್ತು. ಮಾಯ್ ಆಮೇಲೆ ಹೇಳಿದ್ದು.

ಆ ತಿಂಗಳಲ್ಲಿ ಮಾಯ್‌ಗೆ ಒಂದು ಹೊಸ ಚಾಳಿ ಶುರುವಾಯಿತು ಎಂದು ನಾನು ತಿಳಿದುಕೊಂಡೆ. ಹನ್ನೊಂದು ಗಂಟೆಯ ಹೊತ್ತಿಗೆ ಮೈ ಬೆವರುತ್ತದೆ, ಕೈ ನಡುಗುತ್ತದೆ, ಹೊಟ್ಟೆಯೊಳಗೆ ಕಿತ್ತುಕೊಂಡು ಬರುತ್ತದೆ, ಏನಾದರೂ ಬಾಯಿಗೆ ಹಾಕದಿದ್ದರೆ ಆಗುವುದಿಲ್ಲ ಎನ್ನುತ್ತಿದ್ದಳು. ಅದು ಬಾಯಿಚಪಲ ಎಂದೆ. ಒಂದು ಚೊಂಬು ನೀರು ಕುಡಿದು ಒಂದು ಜಪ ಹೇಳು, ಹೋಗುತ್ತದೆ ಎಂದೆ. ಅವಳು ನೀರು ಕುಡಿದು ಜಪ ಹೇಳುತ್ತಿದ್ದಳು.

ಮಾರ್ಚಿನ ನಡುವಿನಲ್ಲಿ ಎರಡನೆಯ ಪರೀಕ್ಷೆ. ಮತ್ತೆ ಅದೇ ಉಪಾಸ್, ಅದೇ ಬಟ್ಟಲು ಗಂಜಿ, ಅದೇ ಉತ್ತರ ನನ್ನದು. ಈ ಸಲ ಸಕ್ಕರೆ ಇನ್ನೂ ಮೇಲೆ. ಡಾಕ್ಟರು ಇಪ್ಪತ್ತಾರು ಯೂನಿಟ್ ಬರೆದರು. ನಿಮ್ಮ ತಾಯಿ ಏನೋ ಮುಚ್ಚಿಡುತ್ತಿದ್ದಾರೆ ಎಂದರು ಮೆಲ್ಲಗೆ. ನನಗೆ ಮುಖವೆಲ್ಲ ಬಿಸಿಯಾಯಿತು. ಬೀಗದ ಕೈ ನನ್ನ ಕುತ್ತಿಗೆಯಲ್ಲಿ ಇರುವಾಗ ಬೆಲ್ಲ ಎಲ್ಲಿಂದ ಬರುತ್ತದೆ? ಒಂದೇ ದಾರಿ, ಅಪ್ಪಿಯ ಮನೆ.

ಬಸ್ಸು ಇಳಿದವಳೇ ಸೀದಾ ಅಪ್ಪಿಯ ಅಂಗಳಕ್ಕೆ ಹೋಗಿ ನಿಂತೆ. ನನ್ನ ತಾಯಿಗೆ ಕದ್ದು ಬೆಲ್ಲ ಕೊಡುತ್ತೀಯಾ ಎಂದು ಕೇಳಿದೆ. ಅಪ್ಪಿ ಹಾಲಿನ ಚೆಂಬು ಕೆಳಗಿಟ್ಟು, ನಾನು ಕೊಡುವುದಾದರೆ ನಿಮ್ಮ ಎದುರೇ ಕೊಡುತ್ತೇನೆ ಟೀಚರೇ, ಕದ್ದು ಕೊಡುವ ದರ್ದು ನನಗೆ ಇಲ್ಲ ಎಂದಳು. ಮರುದಿನದಿಂದ ನಮ್ಮ ಮನೆಗೆ ಹಾಲು ಬರುವುದು ನಿಂತಿತು.

ಆ ಸಂಜೆ ಮಾಯ್‌ಯನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ವಿಚಾರಿಸಿದೆ. ವಿಚಾರಿಸಿದೆ ಎಂದರೆ, ಪೆನ್ಸಿಲು ಕದ್ದ ಮಕ್ಕಳನ್ನು ವಿಚಾರಿಸುವ ಹಾಗೆ. ಅವಳು ತಿನ್ನಲಿಲ್ಲ ಎಂದಳು. ರಕ್ತ ಸುಳ್ಳು ಹೇಳುತ್ತದಾ ಎಂದು ಕೇಳಿದೆ. ಅವಳು ಶಿಲುಬೆಯ ಮೇಲೆ ಕೈಯಿಟ್ಟು ತಿನ್ನಲೇ ಇಲ್ಲ ಎಂದಳು. ನಾನು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿ ಉಂಟು.

"ತಿನ್ನುವುದು ಒಂದು ಪಾಪ, ಸುಳ್ಳು ಆಣೆ ಇನ್ನೊಂದು. ನನಗೆ ಹೇಳಬೇಡ. ಕುಮ್ಸಾರಿಗೆ ಹೋಗಿ ಪಾದ್ರಿಯವರಿಗೆ ಹೇಳು."

ಕುಮ್ಸಾರ್ ಎಂದರೆ ನಮ್ಮಲ್ಲಿ ಪಾಪನಿವೇದನೆ. ಮಾಯ್ ಬಹಳ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡು ಕೂತಿದ್ದಳು. ಆ ಶನಿವಾರ ಹೋಗಿ ಕುಮ್ಸಾರ್ ಮಾಡಿ ಬಂದಳು. ನನಗೆ ಗೆದ್ದ ಹಾಗಾಯಿತು. ನೋಡಿ, ಎಂಥ ಮಗಳು ನಾನು.

ಶುಭ ಶುಕ್ರವಾರ ಬಂತು. ಆ ದಿನ ಶಿಲುಬೆಯ ಹಾದಿಯ ಪ್ರಾರ್ಥನೆಗೆ ಮಕ್ಕಳ ಹಾಡು ನನ್ನ ಜವಾಬ್ದಾರಿ. ಆರೂವರೆಗೆ ಎದ್ದು, ಸಿರಿಂಜ್ ಕುದಿಸಿ, ಇಪ್ಪತ್ತಾರು ಯೂನಿಟ್ ಎಳೆದು ಮಾಯ್‌ಗೆ ಚುಚ್ಚಿದೆ. ಗಂಜಿಯನ್ನು ಬಟ್ಟಲಿಗೆ ಹಾಕಿ ಮುಚ್ಚಿಟ್ಟು, ಕುಡಿದು ಬಾ ಎಂದು ಹೇಳಿ ಇಗರ್ಜಿಗೆ ಓಡಿದೆ. ಕುಡಿದಳೋ ಇಲ್ಲವೋ ನೋಡಲು ನಿಲ್ಲಲಿಲ್ಲ. ಹೆಚ್ಚು ತಿನ್ನದ ಹಾಗೆ ಕಾಯುವುದರಲ್ಲಿ ಹುಷಾರಿದ್ದ ನನಗೆ, ತಿನ್ನದೆ ಇದ್ದಾಳು ಎಂಬ ಯೋಚನೆಯೇ ಬರಲಿಲ್ಲ.

ಒಂಬತ್ತೂವರೆಗೆ ಹೊರಗೆ ಬಿಸಿಲಿನಲ್ಲಿ ಶಿಲುಬೆಯ ಹಾದಿ ಶುರುವಾಯಿತು. ಇಗರ್ಜಿಯ ಸುತ್ತ ನೆಟ್ಟ ಒಂದೊಂದು ಶಿಲುಬೆಯ ಎದುರೂ ನಿಂತು, ಮೊಣಕಾಲೂರಿ, ಹಾಡಿ ಮುಂದೆ ಹೋಗುವುದು. ಅರ್ಧ ಆಗಿರಬಹುದು, ಹೆಂಗಸರ ಸಾಲಿನಲ್ಲಿ ಯಾರೋ ಗಟ್ಟಿಯಾಗಿ ನಕ್ಕರು. ಶುಭ ಶುಕ್ರವಾರ, ಯೇಸುಸ್ವಾಮಿಯ ಮರಣದ ದಿನ, ಶಿಲುಬೆಯ ಎದುರು ನಗು. ಯಾವ ಮಕ್ಕಳೋ ಎಂದು ಕಣ್ಣು ಕೆಂಪು ಮಾಡಿ ತಿರುಗಿದರೆ, ನಕ್ಕವಳು ನನ್ನ ತಾಯಿ.

ಮಾಯ್‌ಯ ಸೆರಗು ಜಾರಿತ್ತು, ಮುಖದಿಂದ ಬೆವರು ಇಳಿಯುತ್ತಿತ್ತು. ಪಕ್ಕದಲ್ಲಿದ್ದ ರೋಸಿಬಾಯಿಯನ್ನು ದೂಡಿದಳು. ತೊದಲುತ್ತ ಎಂತದೋ ಬೈದಳು. ಆ ಬಾಯಲ್ಲಿ ಬೈಗಳು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಹೆಜ್ಜೆ ಅತ್ತ ಇತ್ತ ಹೋಗುತ್ತಿತ್ತು. ಹಿಂದಿನಿಂದ ಯಾರೋ, ಕುಡಿದಿದ್ದಾಳೆ ಎಂದರು. ಇನ್ನೊಬ್ಬರು, ಪಾನನಿಷೇಧದ ಕಾಲದಲ್ಲಿ ಎಲ್ಲಿ ಸಿಕ್ಕಿತಪ್ಪಾ ಎಂದರು. ಆ ಕ್ಷಣ ನನಗೆ ಮೊದಲು ಬಂದದ್ದು ಹೆದರಿಕೆ ಅಲ್ಲ, ಸಿಟ್ಟು. ನನ್ನ ಮಕ್ಕಳ ಎದುರು ನನ್ನ ಮಾನ ಕಳೆದಳಲ್ಲ ಎಂದು. ಇದನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಹತ್ತಿರ ಹೋಗಿ ರಟ್ಟೆ ಹಿಡಿದೆ. ಅವಳು ನನ್ನನ್ನು ನೋಡಿದಳು, ಗುರುತು ಹಿಡಿಯಲಿಲ್ಲ. ಹಾಗೆಯೇ ಕುಸಿದಳು.

ಫಾದರ್ ಎಡ್ಮಂಡರು ಪುಸ್ತಕ ಮಡಿಚಿ ಓಡಿಬಂದರು. ಗಾಳಿ ಹಾಕಿದೆವು, ನೀರು ಚಿಮುಕಿಸಿದೆವು, ಕಣ್ಣು ಬಿಡಲಿಲ್ಲ. ಅಷ್ಟರಲ್ಲಿ ರಸ್ತೆಯ ಆಚೆಯಿಂದ ಅಪ್ಪಿ ಬಂದಳು, ಕೈಯಲ್ಲಿ ಚೆಂಬು. ಬಿಸಿಲಿನಲ್ಲಿ ದಣಿದು ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಪದ್ಧತಿ, ವೈರಿ ಬಂದರೂ ಕೊಡುತ್ತಾರೆ. ಅಪ್ಪಿ ಬೆಲ್ಲವನ್ನು ನೀರಿನಲ್ಲಿ ಕದಡಿಯೇ ತಂದಿದ್ದಳು. ತಾನು ಬಾಯಮ್ಮ ಎಂದು ಕರೆಯುವ ಮಾಯ್‌ಯ ತಲೆ ಎತ್ತಿ ಹಿಡಿದು, ಬಾಯಮ್ಮ ಬೆಳಿಗ್ಗೆಯಿಂದ ಎಂದು ಏನೋ ಹೇಳಲು ಹೊರಟಳು.

"ಈಗ ಗೊತ್ತಾಯಿತು ಬೆಲ್ಲ ಎಲ್ಲಿಂದ ಬರುತ್ತಿತ್ತು ಅಂತ," ಎಂದೆ. "ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಹಾಕಿ ಕೊಲ್ಲುತ್ತೀಯಾ?"

ಚೆಂಬಿಗೆ ಕೈ ಬೀಸಿ ಹೊಡೆದೆ. ನೀರೆಲ್ಲ ಅಪ್ಪಿಯ ಸೆರಗಿನ ಮೇಲೆ ಚೆಲ್ಲಿತು. ಫಾದರ್ ನನ್ನ ಮುಖ ನೋಡಿದರು. ಸ್ವಲ್ಪ ಕೊಟ್ಟರೆ ಆಗುವುದಿಲ್ಲವಾ ಇಮೆಲ್ಡಾ ಎಂದು ಕೇಳಿದರು. ಆಗುವುದಿಲ್ಲ ಫಾದರ್, ಡಾಕ್ಟರು ಹೇಳಿದ್ದಾರೆ ಎಂದೆ. ಡಾಕ್ಟರು ಹೇಳಿದ್ದನ್ನು ತಿಳಿದವಳು ಅಲ್ಲಿ ನಾನೊಬ್ಬಳೇ ಆಗಿದ್ದರಿಂದ ಯಾರೂ ಎದುರು ಮಾತಾಡಲಿಲ್ಲ.

ಕ್ಲಾರೆನ್ಸಿನ ಬಾಡಿಗೆ ಕಾರಿನಲ್ಲಿ ಕಾರ್ಕಳಕ್ಕೆ ಹೊರಟೆವು. ಅಪ್ಪಿ ಯಾರನ್ನೂ ಕೇಳದೆ ಹಿಂದಿನ ಸೀಟಿಗೆ ಹತ್ತಿ ಮಾಯ್‌ಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಮುಂದೆ ಕೂತು ಜಪಸರ ಹಿಡಿದು ಒಂದೇ ಸಮನೆ ಜಪಿಸಿದೆ. ಒಂದು ಸಲ ತಿರುಗಿ ನೋಡಿದಾಗ ಅಪ್ಪಿ ಒದ್ದೆ ಸೆರಗಿನ ತುದಿಯಿಂದ ಮಾಯ್‌ಯ ತುಟಿ, ಒಸಡು ಒರೆಸುತ್ತಿದ್ದಳು. ಮಾಯ್‌ಯ ಗಂಟಲಿನಿಂದ ಗೊರಗೊರ ಸದ್ದು ಬರುತ್ತಿತ್ತು. ದೇವರೇ, ಇವಳನ್ನು ಉಳಿಸು ಎಂದು ಕೇಳಿಕೊಂಡೆ.

ಡಾಕ್ಟರ್ ದೇವದಾಸರು ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಒದ್ದೆಯಾದ ಮೈ ಮುಟ್ಟಿ ನೋಡಿದರು, ಇನ್ಸುಲಿನ್ ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು ಒಂದೇ ಪ್ರಶ್ನೆ ಕೇಳಿದರು. ಆಮೇಲೆ ನರ್ಸಿಗೆ ಗ್ಲೂಕೋಸ್ ತರಲು ಹೇಳಿದರು. ಗ್ಲೂಕೋಸ್ ಎಂದರೆ ಸಕ್ಕರೆಯೇ ಅಲ್ವಾ ಎಂದು ನಾನು ಅವರ ಕೈಗೆ ಅಡ್ಡ ಹೋದೆ. ಅವರು ನನ್ನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ದಪ್ಪ ಸಿರಿಂಜಿನಲ್ಲಿ ತುಂಬಿ ಮಾಯ್‌ಯ ನರಕ್ಕೆ ಮೆಲ್ಲನೆ ಬಿಟ್ಟರು.

ನನ್ನ ಕಣ್ಣೆದುರು, ಆ ಸಿರಿಂಜ್ ಖಾಲಿಯಾಗುವಷ್ಟರಲ್ಲಿ, ಸತ್ತೇ ಹೋದಳು ಎಂದುಕೊಂಡಿದ್ದ ಮಾಯ್ ಕಣ್ಣು ಬಿಟ್ಟಳು. ಸಕ್ಕರೆಯಿಂದ. ಎರಡು ತಿಂಗಳಿಂದ ನಾನು ಬೀಗ ಹಾಕಿ ಕಾದ ಸಕ್ಕರೆಯಿಂದ. ಅಪ್ಪಿಯ ಕೈಯಿಂದ ನಾನು ತಟ್ಟಿ ಚೆಲ್ಲಿದ್ದು ಏನು ಎಂದು ಆಗ ಹೊಳೆಯಿತು.

ಡಾಕ್ಟರು ಕುರ್ಚಿ ಎಳೆದುಕೊಂಡು ಮಾಯ್‌ಯ ಪಕ್ಕ ಕೂತು, ಈ ಸಲ ನನ್ನನ್ನು ನೋಡದೆ ಅವಳನ್ನೇ ನೋಡಿ ಕೇಳಿದರು.

"ಇವತ್ತು ಬೆಳಿಗ್ಗೆ ಏನು ತಿಂದಿರಿ ಅಮ್ಮ?"

ಮಾಯ್ ಕೊಂಕಣಿಯಲ್ಲಿ, ಮೆಲ್ಲಗೆ, ಒಂದೊಂದೇ ಮಾತು ಹೇಳಿದಳು.

"ಇವತ್ತು ಏನೂ ಇಲ್ಲ. ಗಂಜಿ ಅಪ್ಪಿಯ ಕರುವಿಗೆ ಹಾಕಿದೆ. ಇವತ್ತಿನದ್ದು ನನ್ನ ಹರಕೆಯ ಉಪಾಸ್, ನೀರು ಸಹ ಇಲ್ಲದ್ದು. ಇಲ್ಲಿಗೆ ರಕ್ತ ಕೊಡಲಿಕ್ಕೆ ಬರುವಾಗ ಮಾಡಿದ್ದು ಇಗರ್ಜಿಯ ಉಪಾಸ್. ಅದರಲ್ಲಿ ಬೆಳಿಗ್ಗೆ ಸ್ವಲ್ಪ ಉಂಟಲ್ಲ, ಒಂದು ಬಟ್ಟಲು ಗಂಜಿ ಕುಡಿದೇ ಬಂದದ್ದು."

ಡಾಕ್ಟರಿಗೆ ಅರ್ಥವಾಗಲಿಲ್ಲ. ಅವರು ನನ್ನ ಕಡೆ ತಿರುಗಿ, ಏನು ಹೇಳಿದರು ಎಂದು ಕೇಳಿದರು. ಭಾಷಾಂತರ ಮಾಡಬೇಕಾದವಳು ನಾನು.

"ಗಂಜಿ ಕುಡಿದಿದ್ದರಂತೆ," ಎಂದೆ.

"ಯಾವತ್ತು?"

"ರಕ್ತ ಕೊಟ್ಟ ದಿನ."

"ಯಾವ ಸಲ?"

"ಎರಡೂ ಸಲ ಡಾಕ್ಟರ್."

ಅವರು ಪೆನ್ನು ಕೆಳಗಿಟ್ಟರು. ಮೆಲ್ಲಗೇ ಹೇಳಿದರು, ಕೂಗಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ನಾವು ಅಳೆದದ್ದು ಕಾಯಿಲೆಯನ್ನಲ್ಲ, ಆ ಗಂಜಿಯನ್ನು ಎಂದರು. ಹನ್ನೆರಡೇ ಸಾಕಿತ್ತು. ಇಷ್ಟು ದಿನ ಬೆವರಲಿಲ್ಲವೇ, ಕೈ ನಡುಗಲಿಲ್ಲವೇ, ಹಸಿವು ಎನ್ನಲಿಲ್ಲವೇ ಎಂದು ಕೇಳಿದರು. ಎಲ್ಲ ಆಗಿತ್ತು ಎಂದೆ. ಇವತ್ತು ಬಿದ್ದ ಜಾಗದಲ್ಲೇ ಬಾಯಿಗೆ ಒಂದಿಷ್ಟು ಬೆಲ್ಲ ತಾಗಿಸುವವರು ಯಾರೂ ಇರಲಿಲ್ಲವೇ ಎಂದು ಕೇಳಿದರು. ಅಪ್ಪಿ ಬಾಗಿಲ ಹತ್ತಿರ ನಿಂತಿದ್ದಳು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಆದರೂ ನೆಲ ನೋಡಿಕೊಂಡು ಸುಮ್ಮನಿದ್ದಳು. ಅಪ್ಪಿ ತಂದಿದ್ದಳು, ನಾನು ಚೆಲ್ಲಿದೆ, ಒದ್ದೆಯಾದ ಸೆರಗಿನಿಂದ ದಾರಿಯಲ್ಲಿ ತುಟಿ ಒರೆಸಿದ್ದೂ ಅವಳೇ ಎಂದು ನಾನೇ ಹೇಳಬೇಕಾಯಿತು. ಅವರು ಅಪ್ಪಿಯ ಸೆರಗು ಮುಟ್ಟಿ ನೋಡಿದರು, ಅಂಟಂಟು. ಇದರಿಂದ ಎಷ್ಟು ಉಪಕಾರ ಆಯಿತೋ ಹೇಳುವಂತಿಲ್ಲ, ಆದರೆ ದಾರಿಯಲ್ಲಿ ಇವರು ಮಾಡಿದ್ದಷ್ಟೇ ಸರಿಯಾದ ಕೆಲಸ ಎಂದರು.

ಇಷ್ಟಕ್ಕೆ ಮುಗಿಯಲಿಲ್ಲ. ನಾಡಿ ನೋಡಲು ಮಾಯ್‌ಯ ಎಡಗೈ ಹಿಡಿದ ಡಾಕ್ಟರು ಮಣಿಕಟ್ಟನ್ನು ತಿರುಗಿಸಿ ನೋಡಿದರು. ಸುತ್ತ ಕೆಂಪಗೆ, ಹಗ್ಗ ಒತ್ತಿದ ಹಾಗೆ ಗುರುತು. ಇದೇನು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದು, ದಿನಾ ಅದೇ ತೋಳಿಗೆ ಚುಚ್ಚುತ್ತಿದ್ದ ನನಗೆ ಗೊತ್ತಿರಲಿಲ್ಲ.

ಮಾಯ್ ಕೈ ಎಳೆದುಕೊಂಡಳು. ನಾನು ಕೇಳಿದೆ, ಎಂತ ಮಾಯ್ ಇದು ಎಂದು.

"ನಾನು ತಿನ್ನಲಿಲ್ಲ ಅಂತ ನನಗೆ ಗೊತ್ತಿತ್ತು ಪುತಾ. ಆದರೆ ನೀನು ಓದಿದವಳು, ನೀನು ಯಾಕೆ ಸುಳ್ಳು ಹೇಳುತ್ತೀ? ಡಾಕ್ಟರು ಯಾಕೆ ಸುಳ್ಳು ಹೇಳುತ್ತಾರೆ? ನಿದ್ದೆಯಲ್ಲಿ ಎದ್ದು ಹೋಗಿ ಎಲ್ಲಿಯಾದರೂ ಕದ್ದು ತಿನ್ನುತ್ತೇನೋ ಏನೋ ಅಂತ ಹೆದರಿಕೆಯಾಯಿತು. ಅದಕ್ಕೆ ಮಲಗುವಾಗ ಕೈಯನ್ನು ಮಂಚಕ್ಕೆ ಕಟ್ಟಿಕೊಳ್ಳುತ್ತಿದ್ದೆ. ಪಾದ್ರಿಯವರಿಗೆ ಕದ್ದೆ ಅಂತ ಹೇಳಿದೆ. ಅವರು ಪ್ರಾಯಶ್ಚಿತ್ತಕ್ಕೆ ಮೂರು ಜಪ ಕೊಟ್ಟರು, ಅಷ್ಟಕ್ಕೆ ಹೋಗುವ ಪಾಪ ಅಲ್ಲ ಅಂತ ನಾನೇ ಇವತ್ತಿನ ಉಪಾಸ್ ಹೇಳಿಕೊಂಡೆ."

ಏನು ಹೇಳಿದರು ಎಂದರು ಡಾಕ್ಟರು.

ಹೇಳಿದೆ. ಒಂದು ಶಬ್ದ ಬಿಡಲಿಲ್ಲ, ಒಂದು ಶಬ್ದ ಸೇರಿಸಲಿಲ್ಲ. ಜೀವಮಾನದಲ್ಲಿ ನಾನು ಸರಿಯಾಗಿ ಮಾಡಿದ ಭಾಷಾಂತರ ಅದೊಂದೇ ಇರಬೇಕು. ಹೇಳಿ ಮುಗಿಸಿ ಮಾಯ್‌ಯ ಮಂಚದ ಪಕ್ಕ ಕುಕ್ಕರಿಸಿ, ಅವಳಿಗೆ ಕೊಂಕಣಿಯಲ್ಲಿ ಎಲ್ಲ ಬಿಡಿಸಿ ಹೇಳಿದೆ. ಡಾಕ್ಟರ ಉಪವಾಸ ಬೇರೆ, ನಮ್ಮ ಉಪಾಸ್ ಬೇರೆ, ನೀನು ಕೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದೆ. ನನಗೆ ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳ ಮುಖ ಅರಳಿತು. ಅಷ್ಟು ಸಂತೋಷ ಅವಳ ಮುಖದಲ್ಲಿ ಪಪ್ಪ ಹೋದ ಮೇಲೆ ನೋಡಿರಲಿಲ್ಲ.

"ಹಾಗಾದರೆ ನಾನು ಕಳ್ಳಿ ಅಲ್ಲ, ಅಲ್ವಾ?"

ನನಗೆ ಅಳು ತಡೆಯಲಿಲ್ಲ. ಅಪ್ಪಿ ಬಂದು ನನ್ನ ಬೆನ್ನು ಸವರಿದಳು. ಅವಳ ಕೈ ತಾಗಿದ್ದಕ್ಕೆ ಇನ್ನೂ ಹೆಚ್ಚು ಅತ್ತೆ.

ಮರುದಿನ ಶನಿವಾರ ಮಧ್ಯಾಹ್ನ ಮಾಯ್‌ಯನ್ನು ಬಿಟ್ಟರು. ಹನ್ನೆರಡು ಯೂನಿಟ್, ಹೊತ್ತಿಗೆ ಸರಿಯಾಗಿ ಊಟ, ಸೆರಗಿನ ಗಂಟಿನಲ್ಲಿ ಯಾವಾಗಲೂ ಒಂದು ತುಂಡು ಬೆಲ್ಲ. ಬೆಲ್ಲ ಇಟ್ಟುಕೊಳ್ಳುವುದೂ ಔಷಧವೇ ಎಂದು ಡಾಕ್ಟರು ಮಾಯ್‌ಗೇ ಕೈಸನ್ನೆ ಮಾಡಿ ವಿವರಿಸಿದರು, ಅವಳು ಕನ್ನಡದಲ್ಲಿಯೇ ಆಯಿತು ಎಂದಳು. ಕ್ಲಾರೆನ್ಸಿನ ಕಾರು ಇಗರ್ಜಿಯ ಹತ್ತಿರ ಬರುವಾಗ ಮಾಯ್ ನಿಲ್ಲಿಸಲು ಹೇಳಿದಳು. ಈಸ್ಟರಿನ ಹಿಂದಿನ ದಿನ, ಕುಮ್ಸಾರಿಗೆ ಜನ ಸಾಲು ನಿಂತಿದ್ದರು. ಮನೆಗೆ ಹೋಗಿ ಮಲಗು ಮಾಯ್ ಎಂದೆ. ಅವಳು ಒಪ್ಪಲಿಲ್ಲ. ಮಾಡದ ಪಾಪವನ್ನು ಮಾಡಿದೆ ಅಂತ ಪಾದ್ರಿಯವರಿಗೆ ಹೇಳಿದ್ದೇನೆ, ಅದು ಸುಳ್ಳಾಯಿತಲ್ಲ, ಅದನ್ನು ತೊಳೆದುಕೊಳ್ಳದೆ ನಾಳೆ ಪರಮಪ್ರಸಾದ ಹೇಗೆ ತೆಗೆದುಕೊಳ್ಳಲಿ ಎಂದಳು.

ಸಾಲಿನಲ್ಲಿ ಅವಳ ಹಿಂದೆ ನಾನು ನಿಂತೆ. ನಿನ್ನೆ, ಕುಡಿದಿದ್ದಾಳೆ ಎಂದವರು ಈಗ ಅವಳಿಗೆ ದಾರಿ ಬಿಟ್ಟರು. ಅವಳು ಒಳಗೆ ಹೋದಳು, ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. ನಗುತ್ತಿದ್ದಳು. ಪ್ರಾಯಶ್ಚಿತ್ತ ಎಂತ ಕೊಟ್ಟರು ಎಂದು ಯಾರೂ ಕೇಳಬಾರದು, ಆದರೆ ಅವಳೇ ನನ್ನ ಕಿವಿಯಲ್ಲಿ ಹೇಳಿದಳು.

"ದಿನಾ ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಸಾಕು ಅನ್ನಿಸುವಷ್ಟು. ಎಷ್ಟು ಸಾಕು ಅಂತ ನಾನೇ ಹೇಳಬೇಕಂತೆ."

ಅವಳು ಬೆಂಚಿನ ಮೇಲೆ ಕೂತು ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡಳು. ನನ್ನ ಸರದಿ ಬಂತು. ಕುತ್ತಿಗೆಯ ಸರದಿಂದ ಬೆಲ್ಲದ ಡಬ್ಬಿಯ ಬೀಗದ ಕೈ ಬಿಚ್ಚಿ ಅವಳ ಮಡಿಲಿಗೆ ಹಾಕಿದೆ. ಒಳಗೆ ಹೋಗಿ ಮೊಣಕಾಲೂರಿದೆ. ಜಾಲರಿಯ ಆಚೆ ಫಾದರ್ ಎಡ್ಮಂಡರು ಕಾಯುತ್ತಿದ್ದರು. ಯಾವ ಭಾಷೆಯಲ್ಲಿ ಶುರು ಮಾಡುವುದು ಎಂದೇ ನನಗೆ ತಿಳಿಯಲಿಲ್ಲ.